ಉಪ್ಪಿನಕಾಯಿ, ಆಡಿಟ್ ಮತ್ತು ನನ್ನ ಬೀಪಿ

ನಮ್ಮ ಘಟಕದಲ್ಲಿ ಎಡವಟ್ಟು ನಡೆಯದ ದಿನವೇ ಇಲ್ಲ ಅಂತ ಹೇಳಿದರೆ ಸುಳ್ಳಾಗ್ತದೆ. ಭಾನುವಾರ ನಡೆಯಲ್ಲ, ರಜೆ. ಉಳಿದ ಆರು ದಿನ ಒಂದಲ್ಲ ಒಂದು ನಡೀತಾನೇ ಇರ್ತದೆ, ನಾನು ಕೂಗಾಡ್ತಾನೇ ಇರ್ತೀನಿ. ಸಾಗರದ ಡಾಕ್ಟರು ನನ್ನ ಬೀಪಿ ನೋಡಿ, "ಅಮ್ಮ, ಉಪ್ಪಿನಕಾಯಿ ಬಿಡಬೇಕು" ಅಂದರು. ತಿನ್ನೋದು ಬಿಡಬಹುದು ಡಾಕ್ಟ್ರೇ, ಮಾಡೋದು ಹೇಗೆ ಬಿಡಲಿ ಅಂತ ಕೇಳಿದೆ. ಅವರಿಗೆ ಅರ್ಥ ಆಗಲಿಲ್ಲ.

ಸಾಗರ ಪೇಟೆಯ ಹೊರಗೆ ಮುಚ್ಚಿಹೋದ ಒಂದು ಅಕ್ಕಿ ಮಿಲ್ಲಿನ ಕಟ್ಟಡದಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ಘಟಕ. ಹದಿನಾಲ್ಕು ಜನ ಹೆಂಗಸರು ಕೆಲಸ ಮಾಡ್ತಾರೆ. ಮಿಡಿ, ಅಂದರೆ ಎಳೇ ಮಾವಿನಕಾಯಿ, ಬರೋದು ಹೆಚ್ಚಾಗಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ. ನನ್ನ ಹುದ್ದೆಗೆ ಕಾಗದದ ಮೇಲೆ ಗುಣಮಟ್ಟ ವ್ಯವಸ್ಥಾಪಕಿ ಅಂತ ಹೆಸರು. ಅಷ್ಟುದ್ದ ಯಾರು ಹೇಳ್ತಾರೆ? ಎಲ್ಲರೂ ಕರೆಯೋದು "ಚೆಕ್ಕಿಂಗಕ್ಕ" ಅಂತ. ಮಿಡಿ ಮರದಿಂದ ಇಳಿದಲ್ಲಿಂದ ಹಿಡಿದು ಗಿರಾಕಿ ಬಾಟಲಿಯ ಮುಚ್ಚಳ ತೆಗೆಯೋವರೆಗೆ ಅದಕ್ಕೆ ಏನೇ ಆದರೂ ಉತ್ತರ ಕೊಡಬೇಕಾದವಳು ನಾನು. ಮರ ನಂದಲ್ಲ, ವ್ಯಾನು ನಂದಲ್ಲ, ಕೈ ನಂದಲ್ಲ. ತಪ್ಪಾದರೆ ಮಾತ್ರ ನಂದು.

ಈ ಎರಡು ತಿಂಗಳಲ್ಲಿ ನಡೆದಿದ್ದನ್ನಷ್ಟೇ ಹೇಳ್ತೀನಿ. ಉಳಿದದ್ದು ಹೇಳಿದರೆ ನೀವು ಉಪ್ಪಿನಕಾಯಿ ತಿನ್ನೋದು ಬಿಟ್ಟೀರಿ.

೧. ಓಲೆಯ ತಿರುಪು

ನಮ್ಮ ಮಾಲಿನಲ್ಲಿ ಮುಕ್ಕಾಲು ಪಾಲು ಕೊಳ್ಳೋದು ಬೆಂಗಳೂರಿನಲ್ಲಿ ಊರ ತುಂಬಾ ಅಂಗಡಿ ಇಟ್ಟಿರೋ ಒಂದು ಕಂಪನಿ. ಒಂದು ದಿನ ಅಲ್ಲಿಂದ ಫೋನ್ ಬಂತು. ಮಾತು ತಣ್ಣಗಿತ್ತು.

"ಮೇಡಂ, ನಿಮ್ಮ ಬಾಟಲಿಯಲ್ಲಿ ಗಿರಾಕಿಯೊಬ್ಬರಿಗೆ ಓಲೆಯ ತಿರುಪು ಸಿಕ್ಕಿದೆ."

ಇಡೀ ಲೋಡು ವಾಪಸ್. ಇನ್ನು ಎರಡು ತಿಂಗಳಿಗೆ ಅವರ ಆಡಿಟರ್ ಬರ್ತಾರೆ, ಮೂಲೆ ಮೂಲೆ ನೋಡ್ತಾರೆ. ಪಾಸಾದರೆ ಮೊದಲಿನಂತೆ ಮಾಲು ತಗೊಳ್ತಾರೆ. ಇಲ್ಲಾಂದ್ರೆ ಅಲ್ಲಿಗೆ ಮುಗೀತು. ಫೋನ್ ಇಟ್ಟು ಲೆಕ್ಕ ಹಾಕಿದೆ. ಆ ಕಂಪನಿ ಬಿಟ್ಟರೆ ನಮಗೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ಅಂಗಡಿ. ಅವರು ಕೊಳ್ಳೋದು ನಂಬಿದರೆ ಹದಿನಾಲ್ಕು ಜನರಲ್ಲಿ ನಾಲ್ಕು ಜನರಿಗೆ ಕೆಲಸ ಕೊಡಬಹುದು. ಉಳಿದ ಹತ್ತು ಜನರನ್ನ ಮನೆಗೆ ಹೋಗಿ ಅಂತ ಹೇಳಬೇಕಾದವಳು ಯಾರು? ಅವರ ಮನೆ ಮನೆಗೆ ಹೋಗಿ, ಬನ್ನಿ, ಇದು ಖಾಯಂ ಕೆಲಸ ಅಂತ ಕರ್ಕೊಂಡು ಬಂದವಳೇ. ನಾನು.

ಎಲ್ಲರನ್ನೂ ಒಟ್ಟು ಸೇರಿಸಿದೆ. ಅವತ್ತು ಬೈದಿದ್ದು ನೆನೆಸಿಕೊಂಡರೆ ಈಗಲೂ ನಾಚಿಕೆ ಆಗ್ತದೆ. "ಮಗು ತಿಂದಿದ್ರೆ ಏನಾಗ್ತಿತ್ತು? ಗಂಟಲಿಗೆ ಸಿಕ್ಕಿದ್ರೆ? ಓಲೆ ತೆಗೆದಿಟ್ಟು ಬನ್ನಿ ಅಂತ ಎಷ್ಟು ಸಲ ಹೇಳಿದೀನಿ? ಯಾರದು ಅದು? ಹೇಳಿ ಈಗ."

ಕೊನೆಗೆ ಹಿಂದಿನಿಂದ ಒಂದು ಕೈ ಮೇಲೆ ಬಂತು. ಬಾಟಲಿ ತುಂಬಿಸಿ ಲೇಬಲ್ ಅಂಟಿಸೋ ನಮ್ಮ ಪ್ಯಾಕಿಂಗ್ ಅಕ್ಕ. ಕಣ್ಣಲ್ಲಿ ನೀರು. ಪಾಪ, ತಪ್ಪು ಒಪ್ಕೊಳ್ತಿದಾಳೆ, ಜಾಸ್ತಿ ಬೈಬಾರದು ಅಂದುಕೊಂಡೆ.

"ಅಕ್ಕಾ," ಅಂದಳು, "ಸಿಕ್ತಾ ಅದು? ದೀಪಾವಳಿಯಿಂದ ಹುಡುಕ್ತಿದೀನಿ. ಚಿನ್ನದ್ದು. ವಾಪಸ್ ಕಳಿಸ್ತಾರಾ ಅವರು?"

ಕಳಿಸಿದರು. ದೂರಿನ ಪತ್ರಕ್ಕೆ ಟೇಪ್ ಹಚ್ಚಿ ಕಳಿಸಿದರು. ಆ ಪತ್ರ ಬಂದ ದಿನ ಹದಿಮೂರು ಜನ ಅಳುಮುಖ ಮಾಡ್ಕೊಂಡು ಕೂತಿದ್ದರು. ಪ್ಯಾಕಿಂಗ್ ಅಕ್ಕ ಮಾತ್ರ ಎಲ್ಲರಿಗೂ ಬೆಲ್ಲ ಹಂಚಿದಳು.

೨. ಮರ ಎಲ್ಲಿದೆ?

ಆಡಿಟರ್ ಕೇಳೋ ಮೊದಲ ಪ್ರಶ್ನೆ ಏನು ಅಂತ ನಂಗೆ ಗೊತ್ತಿತ್ತು. ಈ ಬಾಟಲಿಯಲ್ಲಿರೋ ಮಿಡಿ ಎಲ್ಲಿಂದ ಬಂತು? ಮಾರ್ಕೆಟ್ಟಿಂದ ಅಂದರೆ ಆಗಲ್ಲ. ಯಾರು ಕೊಟ್ಟಿದ್ದು, ಯಾವ ಮರದ್ದು, ಆ ಮರದ ಬುಡದಲ್ಲಿ ಔಷಧಿ ಹೊಡೆದಿದಾರಾ, ಎಲ್ಲ ಬರೆದಿರಬೇಕು. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಬಾಟಲಿಯಿಂದ ಹಿಂದೆ ಹಿಂದೆ ಹೋಗಿ ಮರದ ಬುಡಕ್ಕೆ ಮುಟ್ಟಬೇಕು.

ನಮಗೆ ಅತಿ ಒಳ್ಳೇ ಮಿಡಿ ಕೊಡೋರು ಹೊಸನಗರದ ಆಚೆ ಒಬ್ಬರು ಹಿರಿಯರು. ಅವರ ಮಿಡಿ ಮುರಿದರೆ ಪರಿಮಳ ಕೋಣೆ ತುಂಬಾ ನಿಲ್ತದೆ. ಫಾರಂ ಹಿಡ್ಕೊಂಡು ಹೋದೆ. ಆಡಿಟಿಗೆ ಮೂರೇ ವಾರ ಉಳಿದಿತ್ತು, ಎರಡು ಬಸ್ ಬದಲಿಸಿ ಹೋಗಿದ್ದೆ, ತಲೆ ಬಿಸಿ ಇತ್ತು.

"ಮಾವಯ್ಯ, ಮರ ಎಲ್ಲಿದೆ ಅಂತ ಬರೀಬೇಕು," ಅಂದೆ.

"ಹೊಳೆ ಹತ್ರ," ಅಂದರು.

"ಯಾವ ಹೊಳೆ?"

"ನೀರಿರೋದು."

"ಊರು ಯಾವುದು?"

"ಅಲ್ಲಿ ಊರಿಲ್ಲ."

"ಹೋಗ್ಲಿ, ದಾರಿ ಹೇಳಿ. ನಾನೇ ಹೋಗಿ ನೋಡ್ತೀನಿ."

"ದಾರಿನೂ ಇಲ್ಲೆ."

ನಮ್ಮ ಕಡೆಯವರಿಗೆ ಇದು ಗೊತ್ತಿರೋ ವಿಷಯವೇ. ಒಳ್ಳೇ ಅಪ್ಪೆಮರ ಎಲ್ಲಿದೆ ಅಂತ ಯಾರೂ ಬಾಯಿಬಿಡಲ್ಲ. ಸ್ವಂತ ಅಳಿಯನಿಗೂ ಹೇಳಲ್ಲ. ಹೇಳಿದರೆ ಮುಂದಿನ ವರ್ಷ ಇವರು ಹೋಗೋದರೊಳಗೆ ಬೇರೆಯವರು ಕೊಯ್ದಾಗಿರ್ತದೆ. ಆದರೆ ಇದನ್ನ ಆಡಿಟರಿಗೆ ಹೇಗೆ ಹೇಳಲಿ? ನಮ್ಮ ಮಿಡಿ ಎಲ್ಲಿಂದ ಬರ್ತದೆ ಅನ್ನೋದು ಒಬ್ಬರಿಗೆ ಗೊತ್ತಿದೆ ಸಾರ್, ಅವರು ಹೇಳಲ್ಲ ಅನ್ನಲಾ?

ನಾನು ಕೋಪ ತಡ್ಕೊಂಡು ಕೂತೆ. ಹದಿನಾಲ್ಕು ಜನರ ಕೆಲಸದ ಮಾತು ಹೇಳಿದೆ. ಅವರು ಎಲೆ ಅಡಿಕೆ ಹಾಕ್ಕೊಂಡು ಕಾಲು ಗಂಟೆ ಯೋಚನೆ ಮಾಡಿದರು. ಮನಸ್ಸು ಕರಗಿತು. ಒಳಗೆ ಹೋಗಿ ಒಂದು ಚೀಟಿ ಬರೆದು, ಕವರಿಗೆ ಹಾಕಿ, ಅನ್ನದ ಅಗುಳಲ್ಲಿ ಅಂಟಿಸಿ ತಂದರು. ಕವರಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಯಾರಾದರೂ ತೀರಿಕೊಂಡರೆ ಮಾತ್ರ ಒಡೆಯತಕ್ಕದ್ದು."

ನಾನು ಕವರು ಹಿಡ್ಕೊಂಡು ಮೆಟ್ಟಿಲು ಇಳೀತಿದ್ದೆ. ಅವರು ಹಿಂದೆಯೇ ಬಂದು ಮೆಲ್ಲಗೆ ಹೇಳಿದರು, "ವಾಂತಿಗೆಲ್ಲ ಒಡೀಬೇಡ ತಂಗಿ."

೩. ಮಾಲು ಬಿಟ್ಟು ಬೇರೇನೂ ಇಲ್ಲ

ಮಿಡಿ ತರೋ ವ್ಯಾನಿನ ಡ್ರೈವರ್ ಒಳ್ಳೇ ಮನುಷ್ಯ. ನನ್ನ ಕಷ್ಟವೇ ಅದು. ಕೆಟ್ಟವನಾಗಿದ್ದರೆ ಬೈದು ಬಿಡಿಸಿ ಬೇರೆಯವನನ್ನ ಇಟ್ಕೊಳ್ತಿದ್ದೆ.

ಮಿಡಿ ಬರೋ ಮಾಸ್ತಿಕಟ್ಟೆ ಕಡೆ ದಾರಿಯಲ್ಲಿ ಬಸ್ಸಿನ ಗತಿ ನಿಮಗೆ ಗೊತ್ತಲ್ಲ. ಒಂದು ತಪ್ಪಿದರೆ ಇನ್ನೊಂದಕ್ಕೆ ಕಾದು ಕಾದು ಕಾಲು ಮರಗಟ್ಟಿ ಹೋಗ್ತದೆ. ಹಾಗಾಗಿ ಯಾವ ಗಾಡಿ ಬಂದರೂ ಜನ ಕೈ ಅಡ್ಡ ಹಾಕ್ತಾರೆ, ಯಾವ ಡ್ರೈವರೂ ನಿಲ್ಲಿಸದೆ ಹೋಗಲ್ಲ. ಆದರೆ ತಿನ್ನೋ ವಸ್ತು ತರೋ ವ್ಯಾನಿನಲ್ಲಿ ಜನರನ್ನ ತುಂಬಿಸಿದ್ದು ಆಡಿಟರಿಗೆ ಗೊತ್ತಾದರೆ ನಾವು ಅಲ್ಲೇ ಫೇಲ್. ನಾನು ಡ್ರೈವರಿಗೆ ಹೇಳಿದೆ. ಬರೆದು ಕೊಟ್ಟೆ. ಸಹಿ ಹಾಕಿಸಿಕೊಂಡೆ. "ಮಾಲು ಇರೋ ಜಾಗದಲ್ಲಿ ಟೋಪಿ ಇಲ್ದೆ, ಮಾಸ್ಕ್ ಇಲ್ದೆ ಒಂದು ನರಪಿಳ್ಳೆ ಇರಬಾರದು. ತಿಳೀತಾ?"

"ತಿಳೀತು ಅಕ್ಕ."

ದಿನಾ ರಿಜಿಸ್ಟರಿನಲ್ಲಿ ಬರೀತಿದ್ದ: ಟೋಪಿ ಇದೆ, ಮಾಸ್ಕ್ ಇದೆ, ಗಾಡಿ ಶುದ್ಧ. ನಂಗೆ ನಂಬಿಕೆ ಸಾಲಲಿಲ್ಲ. ನಮ್ಮಲ್ಲಿ ತಲೆಗೆ ಹಾಕೋ ಬಲೆ ಟೋಪಿಗಳು ಯಾಕೋ ಬೇಗ ಬೇಗ ಖಾಲಿ ಆಗ್ತಿದ್ದವು. ಒಂದು ದಿನ ಹೇಳದೆ ಕೇಳದೆ ದಾರಿ ಮಧ್ಯೆ ಒಂದು ತಿರುವಿನಲ್ಲಿ ಹೋಗಿ ನಿಂತೆ. ವ್ಯಾನು ಬಂತು. ಕೈ ಅಡ್ಡ ಹಾಕಿದೆ, ತಕ್ಷಣ ನಿಲ್ಲಿಸಿದ. ನನ್ನ ಮುಖ ನೋಡಿದ ಮೇಲೆ ನಿಲ್ಲಿಸಬಾರದಿತ್ತು ಅನ್ನಿಸಿರಬೇಕು.

"ಹಿಂದೆ ಬಾಗಿಲು ತೆಗಿ," ಅಂದೆ.

"ಅಕ್ಕ, ಎಲ್ಲ ನೀವು ಹೇಳಿದ ಹಾಗೇ ಇದೆ."

"ತೆಗಿ ಅಂದ್ನಲ್ಲ."

ತೆಗೆದ. ಒಳಗೆ ಎರಡು ಸಾಲು ಮಿಡಿ ಕ್ರೇಟು. ಮಧ್ಯೆ ಐದು ಜನ. ಎಲ್ಲರ ತಲೆಗೂ ನಮ್ಮ ಬಲೆ ಟೋಪಿ, ಮೂಗಿಗೆ ನಮ್ಮ ಮಾಸ್ಕು. ಕಾಲು ಮುದುರಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು, ಕ್ರೇಟಿಗೆ ಮೈ ತಾಗದ ಹಾಗೆ ಕೂತಿದ್ದರು. ಆಪರೇಷನ್ ಥಿಯೇಟರಿಗೆ ತಪ್ಪಿ ಬಂದ ನೆಂಟರ ಹಾಗೆ ಕಾಣ್ತಿದ್ದರು. ನಾನು ಬೈಯೋದಕ್ಕೆ ಬಾಯಿ ತೆಗೆದೆ. ಮೂಲೆಯಲ್ಲಿದ್ದ ಒಬ್ಬರು ಮಾಸ್ಕು ಸ್ವಲ್ಪ ಕೆಳಗೆ ಸರಿಸಿ ನನ್ನನ್ನ ದಿಟ್ಟಿಸಿ ನೋಡಿದರು. ಹೈಸ್ಕೂಲಿನಲ್ಲಿ ನಂಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು. ರಿಟೈರ್ ಆಗಿ ಎಷ್ಟೋ ವರ್ಷ ಆಗಿದೆ. ರೋಗಾಣು ಅಂದರೇನು ಅಂತ ನಂಗೆ ಮೊದಲು ಹೇಳಿದವರೇ ಅವರು.

ನಾನು ತಲೆ ತಗ್ಗಿಸಿ ನಿಂತೆ. ಅವರು ಸಮಾಧಾನವಾಗಿ ಹೇಳಿದರು, "ಸೋಪು ಹಾಕಿ ಕೈ ತೊಳೆದೇ ಹತ್ತಿದೀನಿ ಕಣಮ್ಮ."

೪. ಉಪ್ಪು ಹಾಕುವ ದಿನ

ಮಿಡಿ ಬಂದ ಮೇಲೆ ಮೊದಲ ಕೆಲಸ ಉಪ್ಪಿನಲ್ಲಿ ಹಾಕೋದು. ಉಪ್ಪು ಕಡಿಮೆ ಆದರೆ ಇಡೀ ಡ್ರಮ್ ಬೂಷ್ಟು ಹಿಡೀತದೆ. ಜಾಸ್ತಿ ಆದರೆ ಬಾಯಿಗಿಡೋಕಾಗಲ್ಲ. ಈ ಕೆಲಸ ದೊಡ್ಡಮ್ಮನದು. ದೊಡ್ಡಮ್ಮ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ನನ್ನ ಬಂಧು ಏನಲ್ಲ, ಎಲ್ಲರೂ ಹಾಗೇ ಕರೆಯೋದು. ಹುಟ್ಟಿದಾರಭ್ಯ ಬೊಗಸೆಯಲ್ಲೇ ಉಪ್ಪು ಅಳೆದವರು. ನಾನು ತಕ್ಕಡಿ ತಂದಿಟ್ಟೆ. ಅವರು ಗೌರವದಿಂದ ತಕ್ಕಡಿಯಲ್ಲಿ ತೂಗಿ ಹಾಕ್ತಿದ್ದರು, ಲೆಕ್ಕ ಬರೆಸ್ತಿದ್ದರು, ನಾನು ಆ ಕಡೆ ತಿರುಗಿದ ಮೇಲೆ ಸಮಾಧಾನಕ್ಕೆ ಒಂದು ಬೊಗಸೆ ಮೇಲೆ ಹಾಕ್ತಿದ್ದರು.

ಅದು ಗೊತ್ತಾಗಿದ್ದು ಮೀಟರಿನಿಂದ. ಉಪ್ಪು ಹಾಕಿದಾಗಲೆಲ್ಲ ಡ್ರಮ್ಮಿನ ನೀರು ತೆಗೆದು ಉಪ್ಪಿನ ಅಂಶ ನೋಡ್ತಿದ್ದೆ. ಕೆಲವು ದಿನ ಸರಿ, ಕೆಲವು ದಿನ ಮೀಟರಿನ ಅಂಕೆ ಮೇಲೆ ಹೋಗ್ತಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ಉಪ್ಪು ಬದಲಾಯ್ತಾ? ನೀರು ಬದಲಾಯ್ತಾ? ಆಡಿಟರ್ ಈ ಅಂಕೆ ನೋಡಿದರೆ ನಿಮಗೆ ಹತೋಟಿ ಇಲ್ಲ ಅಂತ ಬರೆದು ಎದ್ದು ಹೋಗ್ತಾರೆ. ನಿದ್ದೆ ಹೋಯ್ತು ನಂದು. ಕೊನೆಗೆ ನನ್ನ ಡೈರಿ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಉಪ್ಪು ಏರಿದ ದಿನಗಳೆಲ್ಲ ನಾನು ದೊಡ್ಡಮ್ಮನಿಗೆ ಬೈದ ದಿನಗಳು.

ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಹೌದು ಮಾರಾಯ್ತಿ. ನಿನ್ನ ಮಾತು ಕೇಳಿ ಸಿಟ್ಟು ಬಂದಾಗ ಬೊಗಸೆ ದೊಡ್ಡದಾಗ್ತದೆ. ನಾನೇನು ಬೇಕಂತ ಮಾಡೋದಾ?"

"ತಕ್ಕಡಿಯಲ್ಲೇ ಹಾಕಿ, ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ನೋಡು, ಈಗ ದೊಡ್ಡದಾಯ್ತು," ಅಂತ ಎರಡೂ ಕೈ ತೋರಿಸಿದರು.

ಒಪ್ಪಂದ ಆಯ್ತು. ಅವರು ಬೊಗಸೆ ಬಿಟ್ಟು ಬರೀ ತಕ್ಕಡಿ ನಂಬೋದು. ನಾನು ಉಪ್ಪು ಹಾಕೋ ದಿನ ಅವರ ಮುಂದೆ ಬಾಯಿ ಮುಚ್ಕೊಂಡಿರೋದು. ಬರವಣಿಗೆಯಲ್ಲಿ ಬೇಕು ಅಂದರು, ಅದನ್ನೂ ಬರೆದು ಗೋಡೆಗೆ ಹಚ್ಚಿದೆ. ಮೀಟರಿನ ಅಂಕೆ ಒಂದೇ ಸಮ ನಿಂತಿತು. ನಂಗೆ ಎಷ್ಟು ಹಗುರ ಆಯ್ತು ಅಂದರೆ ಅವತ್ತು ರಾತ್ರಿ ಎರಡು ತುತ್ತು ಜಾಸ್ತಿ ಉಂಡೆ. ಮಾರನೇ ದಿನ ಬಂದು ವಾರದ ಕೆಲಸದ ಪಟ್ಟಿ ನೋಡಿದೆ. ದೊಡ್ಡಮ್ಮ ಹೊಸದಾಗಿ ಬರೆಸಿ ಹಾಕಿದ್ದರು. ಮುಂಚೆ ಸೋಮವಾರ, ಗುರುವಾರ ಮಾತ್ರ ಉಪ್ಪು ಹಾಕೋ ದಿನ ಇತ್ತು. ಈಗ ಸೋಮವಾರದಿಂದ ಶನಿವಾರದವರೆಗೆ ಆರೂ ದಿನ.

೫. ಮೂವತ್ತಾರು ಬಾಟಲಿ

ಆಡಿಟರ್ ಬಂದೇಬಿಟ್ಟರು. ಬೆಳಿಗ್ಗೆ ಹತ್ತಕ್ಕೆ ಬಿಳಿ ಕಾರು ಬಂದು ನಿಂತಿತು. ತೆಳ್ಳಗಿನ ಮನುಷ್ಯ, ನಗು ಅನ್ನೋದು ಮನೆಯಲ್ಲಿ ಬಿಟ್ಟು ಬಂದವರ ಹಾಗಿದ್ದರು. ಕಾಫಿ ಬೇಡ ಅಂದರು. ನೀರು ತಮ್ಮದೇ ಬಾಟಲಿಯದು. ಓಲೆ, ಬಳೆ, ಟೋಪಿ, ಉಗುರು, ಮೋರಿ, ಕಿಟಕಿ ಬಲೆ, ಮಾವಯ್ಯನ ಅಂಟಿಸಿದ ಕವರು ಎಲ್ಲ ನೋಡಿದರು. ಏನೂ ಮಾತಾಡದೆ ಬರೀತಾ ಹೋದರು. ಹದಿನಾಲ್ಕು ಜನ ಗೋಡೆಗೊರಗಿ ನಿಂತಿದ್ದರು.

ಹನ್ನೊಂದು ಗಂಟೆಗೆ ಅವರು ಮಾರಾಟದ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಬ್ಯಾಚ್ ಹದಿನೇಳು. ಮೂವತ್ತಾರು ಬಾಟಲಿ. ಈ ಮೂರು ಊರಿನ ಅಂಗಡಿಗೆ ಹೋಗಿದೆ. ಇದರಲ್ಲಿ ಏನೋ ವಿಷ ಬಿದ್ದಿದೆ ಅಂತ ಇಟ್ಕೊಳ್ಳಿ. ಸಂಜೆ ನಾಲ್ಕರೊಳಗೆ ಮೂವತ್ತಾರೂ ಎಲ್ಲಿವೆ ಅಂತ ನಂಗೆ ಹೇಳಬೇಕು. ಒಂದು ತಪ್ಪಿದ್ರೂ ಫೇಲ್."

ಇದು ಪರೀಕ್ಷೆ ಅಷ್ಟೇ. ಮಾಲು ವಾಪಸ್ ತರೋದು ಬೇಡ, ಫೋನ್ ಮಾಡಿ ವಿಚಾರಿಸಿ ಕಾಗದದ ಮೇಲೆ ತೋರಿಸಿದರೆ ಸಾಕು. ನಾನು ಪ್ಯಾಕಿಂಗ್ ಅಕ್ಕನಿಗೆ ಕಿವಿಯಲ್ಲಿ ಹೇಳಿದೆ, "ಇದು ಸುಳ್ಳು ವಾಪಸಾತಿ. ಮೂರೂ ಅಂಗಡಿಗೆ ಫೋನ್ ಮಾಡಿ ಯಾರಿಗೆ ಎಷ್ಟು ಮಾರಿದಾರೆ ಕೇಳು." ಆಡಿಟರ್ ಸಾಹೇಬರಿಗೆ ಇಲಿ ಬೋನು ತೋರಿಸೋದಕ್ಕೆ ಹೋದೆ.

ಅರ್ಧ ಗಂಟೆ ಬಿಟ್ಟು ಬಂದರೆ ಘಟಕದ ಫೋನು, ಹೆಂಗಸರ ಫೋನು ಎಲ್ಲ ಒಟ್ಟಿಗೆ ಬಡ್ಕೊಳ್ತಿದ್ದವು. ಪ್ಯಾಕಿಂಗ್ ಅಕ್ಕ ಅಂಗಡಿಗೆ ಫೋನ್ ಮಾಡೋ ಬದಲು, ಬೇಗ ಆಗ್ಲಿ ಅಂತ ಮೂರೂ ತಾಲೂಕಿನ ಸ್ತ್ರೀಶಕ್ತಿ ಸಂಘಗಳ ವಾಟ್ಸಾಪ್ ಗ್ರೂಪಿಗೆ ಮೆಸೇಜು ಹಾಕಿದ್ದಳು. "ಬ್ಯಾಚ್ ಹದಿನೇಳರ ಉಪ್ಪಿನಕಾಯಿ ಯಾರ ಮನೆಯಲ್ಲಿದ್ದರೂ ತಕ್ಷಣ ವಾಪಸ್ ಕಳಿಸಿ. ವಿಷ ಬಿದ್ದಿದೆ ಅಂತ ಇಟ್ಟುಕೊಂಡಿದ್ದಾರೆ. ಸಾಹೇಬರು ಕಾಯುತ್ತಿದ್ದಾರೆ."

"ಸುಳ್ಳು ಅಂತ ಯಾಕೆ ಹಾಕಲಿಲ್ಲ ನೀನು?" ಅಂತ ಕೇಳಿದೆ.

"ಸುಳ್ಳು ಅಂತ ಹಾಕಿದ್ರೆ ಯಾರು ಕಳಿಸ್ತಾರೆ ಅಕ್ಕ?"

ಇದು ಹರಡಿದರೆ ಆಡಿಟ್ ಪಾಸಾಗಿ ಏನು ಪ್ರಯೋಜನ? ನಮ್ಮ ಉಪ್ಪಿನಕಾಯಿ ಅಂದರೆ ಜನ ದೂರ ಓಡ್ತಾರೆ. ತೀರ್ಥಹಳ್ಳಿಯಿಂದ ಒಬ್ಬಾಕೆ ಫೋನ್ ಮಾಡಿ, "ನಿನ್ನೆ ಅತ್ತೆ ನಾಲ್ಕು ಮಿಡಿ ತಿಂದಿದಾರೆ, ಈಗ ಗೊರಕೆ ಹೊಡೀತಿದಾರೆ, ಎಬ್ಬಿಸ್ಲಾ?" ಅಂತ ಕೇಳಿದಳು. ಎಬ್ಬಿಸಬೇಡಿ, ಏನೂ ಆಗಿಲ್ಲ, ಪರೀಕ್ಷೆ ಅಷ್ಟೇ ಅಂದೆ. ಇಟ್ಟ ತಕ್ಷಣ ಇನ್ನೊಂದು. ಪ್ಯಾಕಿಂಗ್ ಅಕ್ಕನನ್ನ ಬಿಟ್ಟು ಹದಿಮೂರು ಜನರನ್ನೂ ಫೋನಿಗೆ ಕೂರಿಸಿ ಇದು ಸುಳ್ಳು, ಇದು ಸುಳ್ಳು ಅಂತ ಹೇಳಿಸಿದೆ. ಸಾಹೇಬರು ಎಲ್ಲ ಕೇಳಿಸಿಕೊಳ್ತಾ ಕೂತಿದ್ದರು. ಮುಖ ನೋಡಿದರೆ ಏನೂ ಗೊತ್ತಾಗ್ತಿರಲಿಲ್ಲ.

ಆದರೆ ಮೆಸೇಜು ನಮಗಿಂತ ಮುಂದೆ ಓಡಿತ್ತು. ಹನ್ನೆರಡೂವರೆಗೆ ಸಾಗರದ ಮನೆಗಳಿಂದ ನಡ್ಕೊಂಡೇ ಬಂದು ಬಾಟಲಿ ಕೊಟ್ಟು ಹೋದರು. ಒಂದೂವರೆಗೆ ಹೊಸನಗರದ ಬಸ್ಸಿನ ಕಂಡಕ್ಟರು ಬಾಗಿಲಿಗೇ ಬಂದು ಒಂದು ಚೀಲ ಇಳಿಸಿದ. ಎರಡೂವರೆಗೆ ತೀರ್ಥಹಳ್ಳಿ ಬಸ್ಸು. ಆ ಕಂಡಕ್ಟರು ಚೀಲವನ್ನ ಕೋಲಿಗೆ ಸಿಕ್ಕಿಸಿಕೊಂಡು ಮೈಯಿಂದ ದೂರ ಹಿಡ್ಕೊಂಡು ಬಂದ. ಎಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಎಣಿಸಿದೆವು. ಮೂವತ್ತೈದು.

ಸಾಹೇಬರು ಮೊದಲ ಸಲ ಕನ್ನಡಕ ತೆಗೆದರು. "ಇಷ್ಟು ವರ್ಷದಲ್ಲಿ ಎಲ್ಲರೂ ಕಾಗದದ ಮೇಲೆ ತೋರಿಸಿದಾರೆ. ಮಾಲೇ ವಾಪಸ್ ಬಂದಿದ್ದು ಇದೇ ಮೊದಲು," ಅಂದರು. ನಂಗೆ ಸ್ವಲ್ಪ ಉಸಿರು ಬಂತು. ಆ ಹೊತ್ತಿಗೆ ಅವರು ಒಂದು ಬಾಟಲಿಯ ಮುಚ್ಚಳ ತೆಗೆದರು.

ಒಳಗೆ ಸಕ್ಕರೆ.

ಇನ್ನೊಂದು ತೆಗೆದರು. ಕಾಫಿಪುಡಿ. ಮತ್ತೊಂದು, ಬೆಲ್ಲದ ಚೂರು. ನಾಲ್ಕನೆಯದರಲ್ಲಿ ತುಪ್ಪ, ಘಮ ಘಮ ಅಂತಿತ್ತು. ಎಲ್ಲ ತೆಗೆದು ನೋಡಿದರೆ ಹೀಗೆ ಹನ್ನೊಂದು, ಉಳಿದದ್ದರಲ್ಲಿ ಉಪ್ಪಿನಕಾಯಿಯೇ ಇತ್ತು. ಸಾಹೇಬರು ನನ್ನ ಕಡೆ ತಿರುಗಿದರು. ಏನು ನಡೆದಿದೆ ಅಂತ ನಂಗೆ ಗೊತ್ತಾಗಿತ್ತು. ನಾನು ಹೇಳೋದರೊಳಗೆ ದೊಡ್ಡಮ್ಮ ಮುಂದೆ ಬಂದರು.

"ಅವರು ಉಪ್ಪಿನಕಾಯಿ ತಿಂದು ಮುಗಿಸಿದಾರೆ ಸ್ವಾಮಿ. ಬಾಟಲಿ ವಾಪಸ್ ಕೇಳಿದ್ರಿ. ಖಾಲಿ ಪಾತ್ರೆ ಯಾರಾದ್ರೂ ವಾಪಸ್ ಕೊಡ್ತಾರಾ? ಏನಾದ್ರೂ ಹಾಕಿ ಕೊಡಬೇಕಲ್ಲ."

"ಹಾಗಾದ್ರೆ ಇದರಲ್ಲಿದ್ದ ಉಪ್ಪಿನಕಾಯಿ ಎಲ್ಲಿದೆ ಅಂತ ಬರೀಲಿ?"

"ಅವರ ಹೊಟ್ಟೆಯಲ್ಲಿ. ಯಾರ ಯಾರ ಹೊಟ್ಟೆ ಅಂತ ಬೇಕಾದ್ರೆ ಹೆಸರು ಹೇಳ್ತೀನಿ, ಬರ್ಕೊಳ್ಳಿ."

ಒಂದೊಂದು ಬಾಟಲಿ ಎತ್ತಿ, ಒಳಗಿರೋದು ನೋಡಿ, ಹೆಂಗಸರು ಮನೆ ಹೆಸರು ಹೇಳ್ತಾ ಹೋದರು. ಈ ತುಪ್ಪ ಇಂಥವರ ಮನೆಯದು, ಈ ಕಾಫಿಪುಡಿ ಇಂಥವರ ಮನೆಯದು, ಅವರು ಚಿಕೋರಿ ಜಾಸ್ತಿ ಹಾಕ್ತಾರೆ. ಫೋನ್ ಮಾಡಿ ಕೇಳಿದರೆ ಒಂದೂ ತಪ್ಪಿರಲಿಲ್ಲ. ಸಾಹೇಬರು ಸುಮಾರು ಹೊತ್ತು ಪೆನ್ನು ಕಚ್ಚಿಕೊಂಡು ಕೂತು, ಹನ್ನೊಂದು ಬಾಟಲಿಗಳ ಮುಂದೆ "ಬಳಕೆಯಾಗಿದೆ" ಅಂತ ಬರೆದರು.

ಉಳಿದಿದ್ದು ಒಂದು. ಮೂವತ್ತಾರನೆಯದು.

ಮೂರೂವರೆ ಆಯ್ತು. ಲೆಕ್ಕದ ಪ್ರಕಾರ ಅದು ಸಾಗರಕ್ಕೆ ಹೋದದ್ದು, ಅಲ್ಲಿನ ಅಂಗಡಿಯವರಿಗೆ ನಾನೇ ಫೋನ್ ಮಾಡಿದೆ. "ಅದನ್ನ ಇವತ್ತು ಬೆಳಿಗ್ಗೆ ಯಾರೋ ತಗೊಂಡೋದ್ರು ಮೇಡಂ. ಪರ ಊರಿನವರು. ಹೆಸರು ಕೇಳಲಿಲ್ಲ," ಅಂದರು. ಮುಗೀತು ಅಂತ ಅನ್ನಿಸಿತು. ಪರ ಊರಿನವರು ಈಗ ಎಲ್ಲಿರ್ತಾರೋ. ಎರಡು ತಿಂಗಳು ನಿದ್ದೆಗೆಟ್ಟು ಮಾಡಿದ್ದೆಲ್ಲ ಒಂದು ಬಾಟಲಿಗೆ ಹೋಗ್ತದಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಪ್ಯಾಕಿಂಗ್ ಅಕ್ಕ ಮೂಲೆಯಲ್ಲಿ ಮುಖ ಮುಚ್ಕೊಂಡು ಕೂತಿದ್ದಳು. ಸಾಹೇಬರು ಗಡಿಯಾರ ನೋಡಿದರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗಾಯ್ತು. ಸಾಹೇಬರ ಕಾರಿನ ಡ್ರೈವರು. ಬೆಳಿಗ್ಗೆಯಿಂದ ಹೊರಗೆ ಕಾರಿನಲ್ಲೇ ಇದ್ದವನು. ಬಾಟಲಿ ಕೊಡೋಕೆ ಬಂದವರೆಲ್ಲ ವಿಷ, ಹದಿನೇಳು ಅಂತ ಮಾತಾಡಿಕೊಂಡು ಹೋಗಿದ್ದನ್ನ ಕೇಳಿದಾನೆ. ಅದು ಸುಳ್ಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಒಂದು ಕೈ ಹೊಟ್ಟೆ ಮೇಲಿತ್ತು. ಇನ್ನೊಂದು ಕೈಯಲ್ಲಿ ನಮ್ಮ ಬಾಟಲಿ.

"ಸಾರ್, ಬೆಳಿಗ್ಗೆ ಮನೆಗೆ ಅಂತ ಒಂದು ತಗೊಂಬಾ ಅಂದ್ರಲ್ಲ ಸಾರ್, ಇದೂ ಹ‌ದಿನೇಳೇ ಐತೆ. ಮಧ್ಯಾಹ್ನ ಬುತ್ತಿ ಜೊತೆಗೆ ಅರ್ಧ ನಾನೇ ತಿಂದುಬಿಟ್ಟೀನಿ. ನಿಮಗೆ ಹೇಳಬಾರದು ಅಂತಿದ್ದೆ. ಮನೆಯಾಕೆಗೆ ಫೋನ್ ಮಾಡಿ ಮಕ್ಕಳನ್ನ ಚೆನ್ನಾಗಿ ನೋಡ್ಕೊ ಅಂತ ಹೇಳೀನಿ ಸಾರ್."

ಸಾಹೇಬರ ಕಿವಿ ಕೆಂಪಾಯ್ತು. ಎದ್ದು ಹೋಗಿ ಅವನ ಭುಜ ಹಿಡಿದು, ಇದು ಪರೀಕ್ಷೆ ಕಣಯ್ಯ, ಉಪ್ಪಿನಕಾಯಿ ಚೆನ್ನಾಗೇ ಇದೆ, ಮೊದಲು ಮನೆಗೆ ಫೋನ್ ಮಾಡು ಅಂತ ಹೇಳಿ ಕಳಿಸಿದರು. ಬಾಟಲಿ ತಂದು ಮೇಜಿನ ಮೇಲೆ ಸಾಲಿನ ಕೊನೆಗೆ ಇಟ್ಟರು.

"ಮೂವತ್ತಾರು," ಅಂದರು. ಫಾರಂ ಎಳೆದುಕೊಂಡು ಸಹಿ ಹಾಕೋಕೆ ಶುರು ಮಾಡಿದರು.

ಅಷ್ಟರಲ್ಲಿ ದೊಡ್ಡಮ್ಮ ಆ ಅರ್ಧ ಬಾಟಲಿ ಎತ್ತಿಕೊಂಡರು. ಕಾಸು ಕೊಟ್ಟು ಕೊಂಡವರಿಗೆ ಅರ್ಧ ಬಾಟಲಿ ಹೇಗೆ ವಾಪಸ್ ಕೊಡೋದು ಅಂತ ಗೊಣಗ್ತಾ, ಪಕ್ಕದಲ್ಲಿದ್ದ ಬ್ಯಾಚ್ ಇಪ್ಪತ್ತೊಂದರ ಡಬ್ಬಿಗೆ ಸೌಟು ಹಾಕಿ, ಹದಿನೇಳರ ಬಾಟಲಿಗೆ ಕಂಠಮಟ್ಟ ತುಂಬಿಸಿದರು. ಒಂದು ಬ್ಯಾಚಿಗೆ ಇನ್ನೊಂದು ಬೆರೆಸೋದು ನಮ್ಮ ಕಸುಬಿನಲ್ಲಿ ಕೊಲೆಗೆ ಸಮ. ಅದೂ ಆಡಿಟರ್ ಮೂಗಿನ ಕೆಳಗೆ. ನಾನು ಬೇಡ ಅಂತ ಕೈ ಎತ್ತಿದೆ, ಆದರೆ ಅವತ್ತೂ ಉಪ್ಪು ಹಾಕೋ ದಿನ, ಅವರ ಮುಂದೆ ನಂಗೆ ಬಾಯಿ ಇರಲಿಲ್ಲ.

ಸಾಹೇಬರ ಪೆನ್ನು ಸಹಿಯ ಅರ್ಧಕ್ಕೆ ನಿಂತಿತು.

"ಅಮ್ಮ, ಒಂದೇ ಬಾಟಲಿಯಲ್ಲಿ ಎರಡು ಬ್ಯಾಚ್ ಆಯ್ತಲ್ಲ," ಅಂದರು.

ದೊಡ್ಡಮ್ಮ ಮುಚ್ಚಳ ಬಿಗಿ ಮಾಡಿ, ಸೆರಗಿನಲ್ಲಿ ಒರೆಸಿ, ಬಾಟಲಿಯನ್ನ ಅವರ ಮುಂದೆ ಇಟ್ಟರು.

"ಎರಡೂ ನಿಮ್ಮ ಹೊಟ್ಟೆಗೇ ಹೋಗೋದಲ್ವಾ ಸ್ವಾಮಿ. ಅಲ್ಲಿ ಬೇಕಾದ್ರೆ ಬೇರೆ ಬೇರೆ ಇಟ್ಕೊಳ್ಳಿ."

ಸಾಹೇಬರು ಸಹಿಯ ಉಳಿದರ್ಧ ಮುಗಿಸಿದರು.